ಅಗಸಿಗೆ ಮುಳ್ಳು ಹಚ್ಚಿದ ಮಂಗಳವಾರ

ಮುತ್ತಲಕೊಪ್ಪ, ತಾ. ಕಲಘಟಗಿ
30 ಜನವರಿ 2025

ಚಿ. ತಬಸುಮ್‌ಗೆ,

ನಿನ್ನ ಕ್ಷೇಮ ವಿಚಾರಿಸುವಷ್ಟು ಸಮಾಧಾನ ಇವತ್ತು ನನಗಿಲ್ಲ. ಚೆನ್ನಾಗಿದ್ದೀ ಎಂದು ತಿಳಿದುಕೊಂಡೇ ಬರೆಯುತ್ತಿದ್ದೇನೆ. ಫೋನಿನಲ್ಲಿ ಮಾತಾಡೋಣವೆಂದರೆ ನನ್ನ ಎಡಗಿವಿ ಹೋಗಿ ಎರಡು ವರ್ಷವಾಯಿತು, ಬಲಗಿವಿ ಅದರ ಬೆನ್ನು ಹತ್ತಿದೆ. ನಾನು ಕೂಗಿ, ನೀನು ಕೂಗಿ, ಕಡೆಗೆ ನಮ್ಮಿಬ್ಬರಿಗಿಂತ ಮೊದಲು ಓಣಿಗೆ ಸುದ್ದಿ ತಿಳಿಯುತ್ತದೆ. ಕಾಗದವೇ ಲೇಸು.

ನೀನು ಓದಿದ ಶಾಲೆಯನ್ನು ಮುಚ್ಚಿ ಹಳ್ಳದ ಆಚೆಯ ಹೊಸೂರು ಶಾಲೆಗೆ ಸೇರಿಸುತ್ತಾರಂತೆ. ನಿನ್ನೆ ಮಲ್ಲಿಕಾ ಟೀಚರ್ ಕೈಗೆ ನೋಟಿಸು ಬಂತು. ಜನವರಿ 21ರಂದು ತಪಾಸಣೆಗೆ ಬಂದವರಿಗೆ ಶಾಲೆಯ ಬಾಗಿಲಿಗೆ ಬೀಗ ಕಂಡಿತಂತೆ. ಹಾಜರಾತಿ ಸೊನ್ನೆ. ಓದುವ ಮಟ್ಟ ಸೊನ್ನೆ. ಲೆಕ್ಕ ಮಾಡುವ ಮಟ್ಟ ಸೊನ್ನೆ. ಹಾಜರಾತಿ ಸೊನ್ನೆ ಎಂದರೆ ಒಪ್ಪಿಕೊಳ್ಳೋಣ. ಆದರೆ ಮಕ್ಕಳೇ ಇಲ್ಲದಿದ್ದಾಗ ಓದಲು ಬರುವುದಿಲ್ಲ ಎಂದು ಬರೆದದ್ದು ಯಾರಿಗೆ? ಬೆಂಚಿಗೋ, ಗೋಡೆಗೋ?

21 ಮಂಗಳವಾರ. ಒಂಬತ್ತು ವರ್ಷಕ್ಕೊಮ್ಮೆ ಬರುವ ದ್ಯಾಮವ್ವನ ಹೊರಬೀಡಿನ ಮೊದಲನೆಯ ಮಂಗಳವಾರ. ನಿನಗೆ ನೆನಪಿರಬೇಕು. ಸೂರ್ಯ ಹುಟ್ಟುವ ಮೊದಲೇ ಊರೆಲ್ಲ ಖಾಲಿ ಮಾಡಿ, ದನಕರು, ಕೋಳಿ, ಹಾಸಿಗೆ ಹಿಡಿದ ಮುದುಕರ ಸಮೇತ ಹೊಲ ಸೇರಿ, ಊರಬಾಗಿಲ ಅಗಸಿಗೆ ಜಾಲಿ ಮುಳ್ಳು ಹಚ್ಚಿ, ದೀಪ ಹಚ್ಚುವ ಹೊತ್ತಿಗೆ ತಿರುಗಿ ಬರುವುದು. ಐದು ಮಂಗಳವಾರ ಹೀಗೆ. ಇದರಲ್ಲಿ ಲಿಂಗಾಯತರು, ಸಾಬರು, ಕೇರಿಯವರು ಎಂಬ ಭೇದ ಇಲ್ಲ. ನಿಮ್ಮಪ್ಪ ಮಹಬೂಬಸಾಬ ತನ್ನ ಮಗ್ಗವನ್ನೊಂದು ಬಿಟ್ಟು ಉಳಿದದ್ದೆಲ್ಲ ಚಕ್ಕಡಿಗೆ ಹೇರುತ್ತಿದ್ದ.

ಐದು ದಿನ ರಜೆ ಕೊಡಲು ಬರುವುದಿಲ್ಲವೆಂದು ಮಲ್ಲಿಕಾ ಟೀಚರ್ ಮಕ್ಕಳನ್ನು ಅಕ್ಬರಸಾಬನ ಹೊಲಕ್ಕೆ ಕರೆದುಕೊಂಡು ಹೋಗಿ ಮಾವಿನ ಗಿಡದ ಕೆಳಗೆ ಪಾಠ ಮಾಡಿದಳು. ಬಿಸಿಯೂಟವೂ ಅಲ್ಲೇ ಆಯಿತು. ನಾನು ಕಣ್ಣಾರೆ ನೋಡಿದ್ದೇನೆ. ತಪಾಸಣೆಯ ಮಹನೀಯರು ಮಾತ್ರ ಅಗಸಿಯ ಮುಳ್ಳನ್ನು ಕಾಲಿನಿಂದ ಸರಿಸಿ, ಜೀಪು ನುಗ್ಗಿಸಿ, ಬೀಗದ ಫೋಟೊ ತೆಗೆದುಕೊಂಡು ಹೋಗಿದ್ದಾರೆ. ಇಡೀ ಊರಿನಲ್ಲಿ ಒಂದು ನಾಯಿಯೂ ಇಲ್ಲವಲ್ಲ, ಯಾಕೆ ಎಂಬ ಪ್ರಶ್ನೆ ಅವರ ತಲೆಗೆ ಬರಲಿಲ್ಲ. ನನಗೆ ನೆನಪಿದೆ, ಎಂಬತ್ತರಲ್ಲಿ ಇಂಥದೇ ಮಂಗಳವಾರ ಬಂದ ಇನ್ಸ್‌ಪೆಕ್ಟರು ಮುಳ್ಳು ಕಂಡೊಡನೆ ಸೈಕಲ್ಲಿನಿಂದ ಇಳಿದು, ಹೊಗೆ ಎಲ್ಲಿ ಏಳುತ್ತಿದೆ ಎಂದು ನೋಡಿ ಹೊಲಕ್ಕೆ ಬಂದಿದ್ದರು. ಬದನೆಕಾಯಿ ಪಲ್ಯ ಉಂಡು, ಮಗ್ಗಿ ಕೇಳಿ ಹೋಗಿದ್ದರು.

ಶಾಲೆ ಹಳ್ಳ ದಾಟಿದರೆ ಏನಾಗುತ್ತದೆ ಎಂದು ಕೇರಿಯ ದುರಗವ್ವನನ್ನು ಕೇಳಿದೆ. ಅವಳ ಮಗಳು ಗಂಗಾ ಮೂರನೆಯ ಇಯತ್ತೆ. ದುರಗವ್ವ ಎಂಟಕ್ಕೆ ಕೂಲಿಯ ಟೆಂಪೊ ಹತ್ತುತ್ತಾಳೆ. ಗಂಗಾ ತಮ್ಮನನ್ನು ಶಾಲೆಯ ಬಾಜೂದ ಅಂಗನವಾಡಿಯಲ್ಲಿ ಬಿಟ್ಟು ತಾನು ಓದಲು ಕೂರುತ್ತಾಳೆ.

“ಹೊಸೂರು ಮೂರು ಕಿಲೋಮೀಟರ ಅಲ್ರಿ ಯಜಮಾನ್ರ. ಕೂಸಿನ್ನ ಯಾರು ನೋಡ್ಬೇಕ್ರಿ? ಸಾಲಿ ಹಳ್ಳ ದಾಟಿ ಹೋದ್ರ ಆಕಿ ಮನ್ಯಾಗ ಇರ್ತಾಳ ನೋಡ್ರಿ,” ಅಂದಳು. ಅಳಲಿಲ್ಲ, ಬೈಯಲಿಲ್ಲ. ಸಂತೆಯ ದಿನ ಯಾವುದು ಎಂದು ಹೇಳಿದ ಹಾಗೆ ಹೇಳಿದಳು.

ನೀನು ಬೆಂಗಳೂರಿನಲ್ಲಿ ಶಿಕ್ಷಣದ ಕಚೇರಿಯಲ್ಲೇ ಇದ್ದೀ. ಮಕ್ಕಳಿಲ್ಲದ ಕೋಣೆಗೆ ಪರೀಕ್ಷೆ ಮಾಡಿ ಸೊನ್ನೆ ಹಾಕುವ ಈ ನಿಯಮ ಯಾವ ಪುಣ್ಯಾತ್ಮನ ತಲೆಯಿಂದ ಬಂತು, ಹುಡುಕಿ ತಿಳಿಸು. ಅವನಿಗೆ ಒಂದು ಕಾಗದ ಬರೆಯುವುದಿದೆ.

ಹೊಳಬಸಪ್ಪ

•

ಬೆಂಗಳೂರು
3 ಫೆಬ್ರುವರಿ 2025

ಹೊಳಬಸಪ್ಪ ಕಾಕಾ ಅವರಿಗೆ ಸಲಾಂ.

ಕಾಗದ ತಲುಪಿತು. ಶಾಲಾ ಸಮಿತಿಯಿಂದ ಲಿಖಿತ ಆಕ್ಷೇಪಣೆ ಕೊಡಲು ನೋಟಿಸಿನ ದಿನದಿಂದ ಹದಿನೈದು ದಿನ ಇದೆ. ತಡ ಮಾಡಬೇಡಿ, ಸ್ವೀಕೃತಿ ಪಡೆದುಕೊಳ್ಳಿ. ಆಕ್ಷೇಪಣೆ ಬಂದ ಶಾಲೆಗಳಿಗೆ ಮಾತ್ರ ಮರುತಪಾಸಣೆ ಇರುತ್ತದೆ. ಅದರ ದಿನಾಂಕವನ್ನು ಮೊದಲೇ ತಿಳಿಸುವುದಿಲ್ಲ.

ನಿಯಮ ಯಾರು ಮಾಡಿದರು ಎಂಬುದರಿಂದ ಈಗ ಪ್ರಯೋಜನವಿಲ್ಲ.

ನಮ್ಮ ಶಾಲೆಯ ವಿವರ ನೋಡಿದೆ. ಮೂವತ್ತನಾಲ್ಕು ಮಕ್ಕಳು. ಅರ್ಧದಷ್ಟು ಲಂಬಾಣಿ ತಾಂಡಾದವರು, ಉಳಿದವರು ನಮ್ಮ ಓಣಿ ಮತ್ತು ಕೇರಿಯವರು. ನಾನು ಓದುವಾಗ ನೂರಾ ಹತ್ತು ಇದ್ದೆವು, ಗೌಡರ ಮಗಳು ನನ್ನ ಪಕ್ಕದಲ್ಲಿ ಕೂರುತ್ತಿದ್ದಳು. ಈಗ ಗೌಡರ ಓಣಿಯಿಂದ ಒಬ್ಬರಿಲ್ಲ. ನಿಮ್ಮ ಅಗಸಿ ಓಣಿಯಿಂದಲೂ ಒಬ್ಬರಿಲ್ಲ.

ನಿಮ್ಮ ಮೊಮ್ಮಗ ಮೈಲಾರಿ ಈಗ ಎಷ್ಟನೆಯ ಇಯತ್ತೆ, ಕಾಕಾ?

ತಬಸುಮ್

•

ಮುತ್ತಲಕೊಪ್ಪ
8 ಫೆಬ್ರುವರಿ 2025

ತಬಸುಮ್,

ಆಕ್ಷೇಪಣೆಯನ್ನು ಕಲಘಟಗಿಗೆ ಹೋಗಿ ಕೊಟ್ಟು ಬಂದೆ. ಸ್ವೀಕೃತಿಯ ಸಿಕ್ಕಾ ಹೊಡೆಯುವವನು ಚಹಾಕ್ಕೆ ಹೋಗಿದ್ದ. ಆ ಚಹಾದಲ್ಲಿ ಒಂದು ಎಮ್ಮೆ ಈಯಬಹುದಾಗಿತ್ತು, ಅಷ್ಟು ಹೊತ್ತು ಕಾಯಿಸಿದ.

ನಿನ್ನ ಕಾಗದ ಓದಿದೆ. ಎರಡು ಸಲ ಓದಿದೆ, ಮೊದಲನೆಯ ಸಲ ಯಾವುದೋ ಆಫೀಸಿನ ಸುತ್ತೋಲೆ ತಪ್ಪಿ ಬಂದಿದೆ ಎಂದುಕೊಂಡು. “ಪ್ರಯೋಜನವಿಲ್ಲ” ಎನ್ನುತ್ತೀ. ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು ನನ್ನ ಪುಸ್ತಕಗಳನ್ನೆಲ್ಲ ಓದಿ ಮುಗಿಸಿ, ಗುಡಗೇರಿ ರೈಲು ಸ್ಟೇಶನ್ನಿನಲ್ಲಿ ನಾನು ಡ್ಯೂಟಿ ಮುಗಿಸಿ ಬರುವಾಗ ಹೊಸ ಪುಸ್ತಕ ತಂದೆನೋ ಇಲ್ಲವೋ ಎಂದು ಕೈಚೀಲ ತಡಕುತ್ತಿದ್ದವಳು ನೀನು. ದೊಡ್ಡ ಹುದ್ದೆಗೆ ಹೋದವರ ಬಾಯಿಗೆ ಮೊದಲು ಬರುವ ಪದವೇ ಇದು ಎಂದು ಕಾಣುತ್ತದೆ. ಇರಲಿ.

ಮೈಲಾರಿ ಎರಡನೆಯ ಇಯತ್ತೆ. ಹಳದಿ ಗಾಡಿ ಬೆಳಿಗ್ಗೆ ಏಳಕ್ಕೆ ಅಗಸಿಗೆ ಬಂದು ಹದಿನೆಂಟು ಮಕ್ಕಳನ್ನು ತುಂಬಿಕೊಂಡು ಕಲಘಟಗಿಯ ಇಂಗ್ಲಿಷ್ ಶಾಲೆಗೆ ಒಯ್ಯುತ್ತದೆ. ಅದರಲ್ಲಿ ಅವನೂ ಇದ್ದಾನೆ. ಅದು ನಿನಗೆ ಗೊತ್ತಿದ್ದೇ ಕೇಳಿದ್ದೀ. ನಿನ್ನ ಕಾಗದ ಬಂದ ದಿನ ಸೊಸೆ ಸುನಿತಾಳ ಮುಂದೆ ಮಾತು ತೆಗೆದೆ. ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಹೇಳಿದಳು: “ಮಾವಾರ, ನೀವು ಊರ ಸಾಲಿ ಉಳಸ್ರಿ, ಯಾರ ಬ್ಯಾಡಂದಾರ? ನನ್ನ ಮಗನ್ನ ಮಾತ್ರ ನಿಮ್ಮ ಭಾಷಣದಾಗ ಹಿಡೀಬ್ಯಾಡ್ರಿ. ನಿಮ್ಮ ಮಗ ಇದ ಸಾಲ್ಯಾಗ ಕಲ್ತು ಏನ್ ಕಲೆಕ್ಟರ್ ಆದ್ರೇನು?”

ನನ್ನ ಮಗ ಅಲ್ಲೇ ಕುಳಿತಿದ್ದ. ರೊಟ್ಟಿ ಮುರಿಯುತ್ತ ನಕ್ಕ. ನಿನಗೆ ಸಮಾಧಾನವಾಯಿತೇ?

ಹಾಗೆ ನೋಡಿದರೆ ಆ ಹಳದಿ ಗಾಡಿಯ ಮಕ್ಕಳು ಹೊರಬೀಡಿನ ನೇಮವನ್ನೂ ಮುರಿಯುವುದಿಲ್ಲ. ಮಂಗಳವಾರ ಊರು ಬಿಡಬೇಕು, ಬಿಡುತ್ತಾರೆ. ಅವರ ಶಾಲೆಗೆ ಬೀಗವೂ ಬೀಳುವುದಿಲ್ಲ. ಸಿಕ್ಕಿಬಿದ್ದವರು ಊರಿನಲ್ಲೇ ಓದುವ ಮಕ್ಕಳು.

ನನಗೆ ಅರ್ಥವಾಗದ್ದು ಒಂದೇ. ನಾಲ್ಕು ದಿನದಲ್ಲಿ ನಮ್ಮ ಶಾಲೆಯ ಓಣಿವಾರು ಲೆಕ್ಕ ನಿನ್ನ ಮೇಜಿಗೆ ಬರುತ್ತದೆ, ಆದರೆ ನಿಯಮ ಮಾಡಿದವನ ಹೆಸರು ಮಾತ್ರ ಸಿಗುವುದಿಲ್ಲ. ಯಾರನ್ನು ಕಾಯುತ್ತಿದ್ದೀ? ಹೆದರಿಕೆ ಇದ್ದರೆ ಹೇಳು, ನಾನು ಬೇರೆಯವರನ್ನು ಕೇಳುತ್ತೇನೆ.

ಹೊಳಬಸಪ್ಪ

•

ಬೆಂಗಳೂರು
11 ಫೆಬ್ರುವರಿ 2025, ಮಂಗಳವಾರ

ಕಾಕಾ,

ಇವತ್ತು ನೀವೆಲ್ಲ ಹೊಲದಲ್ಲಿರುತ್ತೀರಿ. ಬೆಳಿಗ್ಗೆಯಿಂದ ಅದೇ ನೆನಪು. ಬರುವ ಮಂಗಳವಾರ ಐದನೆಯದು, ಕೊನೆಯದು, ಅಲ್ಲವೇ?

ಒಂದಷ್ಟು ಕೇಳಬೇಕೆನಿಸಿತು. ಅಕ್ಬರಸಾಬ ಕಾಕಾರ ಮಾವಿನ ಗಿಡದ ಕೆಳಗೆ ಕಪ್ಪು ಹಲಗೆ ಇದೆಯೇ? ಮಕ್ಕಳು ಪುಸ್ತಕ ತಂದಿರುತ್ತಾರೆಯೇ, ಬರಿಗೈಯಲ್ಲಿ ಬರುತ್ತಾರೆಯೇ? ತಾಂಡಾದ ಮಕ್ಕಳು ಹೊಲಕ್ಕೆ ನೇರವಾಗಿ ಬರುತ್ತಾರೋ, ಎಂದಿನಂತೆ ಅಗಸಿಗೆ ಬಂದು ಮುಳ್ಳು ನೋಡಿ ತಿರುಗಿ ಹೋಗುತ್ತಾರೋ? ಹಾಜರಿ ಎಲ್ಲಿ ಕೂಗುತ್ತಾರೆ?

ಇನ್ನೊಂದು. ಊರಿನವರಿಗೆ ಎಲ್ಲ ಗೊತ್ತು. ಆದರೆ ಪರಊರಿನವರು ಯಾರಾದರೂ ಬಂದು ಮುಳ್ಳಿನ ಮುಂದೆ ನಿಂತರೆ, ಜನ ಎಲ್ಲಿದ್ದಾರೆ ಎಂದು ಅವರಿಗೆ ಹೇಗೆ ತಿಳಿಯುತ್ತದೆ? ಚಿಕ್ಕಂದಿನಲ್ಲಿ ನಾನು ಇದನ್ನು ಯೋಚಿಸಿಯೇ ಇರಲಿಲ್ಲ.

ಮಲ್ಲಿಕಾ ಅಕ್ಕಾರನ್ನು ನಾನು ನೋಡಿಲ್ಲ. ಈ ಕಾಗದವನ್ನು ಅವರಿಗೂ ಓದಿ ಹೇಳಿ. ಬೇಗ ಹೇಳಿ.

ಉಳಿದದ್ದನ್ನು ಇನ್ನೊಮ್ಮೆ ಬರೆಯುತ್ತೇನೆ.

ತಬಸುಮ್

•

ಮುತ್ತಲಕೊಪ್ಪ
15 ಫೆಬ್ರುವರಿ 2025

ತಬಸುಮ್,

ಮನೆಗೆ ಬೆಂಕಿ ಬಿದ್ದಾಗ ಪಡಸಾಲೆಯ ಬಣ್ಣ ಯಾವುದು ಎಂದು ಕೇಳಿದ ಹಾಗಾಯಿತು ನಿನ್ನ ಕಾಗದ. ನಾನು ಶಾಲೆ ಉಳಿಯುತ್ತದೋ ಇಲ್ಲವೋ ಎಂದು ಕೇಳಿದರೆ ನೀನು ಹಲಗೆ ಇದೆಯೋ ಇಲ್ಲವೋ ಎಂದು ಕೇಳುತ್ತೀ. ಬೆಂಗಳೂರಿಗೆ ಹೋದವರಿಗೆ ಊರು ಎಂದರೆ ಮಾವಿನ ಗಿಡ, ಚಕ್ಕಡಿ, ಬುತ್ತಿಯ ನೆನಪು. ಇರುವವರಿಗೆ ನೋಟಿಸು.

ನೀನು ಹೇಳಿದ್ದೀ ಎಂದು ಮಲ್ಲಿಕಾ ಟೀಚರಿಗೆ ಓದಿ ಹೇಳಿದೆ. ಸಿಟ್ಟಿನಿಂದಲೇ ಓದಿದೆ. ಅವಳು ಸುಮ್ಮನೆ ಕೇಳಿ, “ಇನ್ನೊಮ್ಮೆ ಓದ್ರಿ ಕಾಕಾ” ಅಂದಳು. ಓದಿದೆ. ಆಮೇಲೆ ಕಾಗದ ಇಸಿದುಕೊಂಡು ತಾನೇ ಓದಿದಳು. “ಇದಕ್ಕ ಇಷ್ಟ್ಯಾಕ ಸಿಟ್ಟ ಆಗೀರಿ? ಒಳ್ಳೇ ಕಾಗದ ಅದ ಅಲ್ರಿ,” ಅಂದು ಎದ್ದು ಹೋದಳು. ಪಾಪ, ಹೆಂಗಸು ಎರಡು ವಾರದಿಂದ ನಿದ್ದೆ ಮಾಡಿಲ್ಲ. ಯಾವುದು ಒಳ್ಳೆಯದು, ಯಾವುದು ಕೆಟ್ಟದ್ದು ಎಂಬ ಬುದ್ಧಿಯೇ ಹೋಗಿದೆ.

ಈಗ ಶಾಲೆಯ ಗೋಡೆಯಿಂದ ಹೆಸರಿನ ಬೋರ್ಡು ಬಿಚ್ಚಿಸುತ್ತಿದ್ದಾಳೆ. ಯಾಕೆ ಎಂದು ಕೇಳಿದರೆ, “ಒರಸೂದದ ರೀ.” ಮುಚ್ಚುವ ಶಾಲೆಯ ಬೋರ್ಡು ಒರೆಸಿ ಏನು ಮಾಡುತ್ತಾಳೋ.

ನಿನ್ನ ಪ್ರಶ್ನೆಗಳಿಗೆ ಉತ್ತರ: ಹಲಗೆ ಇಲ್ಲ. ಪುಸ್ತಕ ತರುವುದಿಲ್ಲ. ತಾಂಡಾದ ಅರ್ಧ ಮಕ್ಕಳು ತಿರುಗಿ ಹೋಗುತ್ತಾರೆ. ಪರಊರಿನವರಿಗೆ ತಿಳಿಯುವುದಿಲ್ಲ. ಸಂತೋಷವೇ?

ಹೊಳಬಸಪ್ಪ

•

ಮುತ್ತಲಕೊಪ್ಪ
19 ಫೆಬ್ರುವರಿ 2025

ತಬಸುಮ್,

ನಿನ್ನೆ ಬಂದರು. ಮಂಗಳವಾರವೇ ಬಂದರು! ಕೊನೆಯ ಹೊರಬೀಡಿನ ದಿನವೇ! ವಾರಕ್ಕೆ ಏಳು ದಿನ ಇರುವುದು ಈ ಜನಕ್ಕೆ ಯಾರೂ ಹೇಳಿಲ್ಲ ಎಂದು ಕಾಣುತ್ತದೆ.

ನಾನು ಹೆದರಿದ್ದೆ. ಆದರೆ ದೇವರ ದಯೆ, ಮಲ್ಲಿಕಾ ಟೀಚರ ತಲೆ. ಅವಳು ಬೆಳಗಿನ ಜಾವವೇ ಶಾಲೆಯ ಬೋರ್ಡು ಹೊರಿಸಿಕೊಂಡು ಬಂದು ಅಗಸಿಯ ಮುಳ್ಳಿಗೇ ತೂಗುಹಾಕಿದಳು. ಕೆಳಗೆ ಸುಣ್ಣದಲ್ಲಿ ದಾರಿ ತೋರುವ ಬಾಣ ಹಾಕಿಸಿ ಬರೆಸಿದ್ದಳು: “ಇಂದು ಶಾಲೆ ಅಕ್ಬರಸಾಬರ ಹೊಲದಲ್ಲಿ.” ಮುಳ್ಳು ಹಚ್ಚುವ ಹಿರಿಯ ಕನಕಪ್ಪ ಮೊದಲು ಬಿಡಲಿಲ್ಲ.

“ಅಕ್ಕಾರ, ದೇವಿ ಮುಳ್ಳಿಗೆ ಸರ್ಕಾರಿ ಬೋರ್ಡ ಕಟ್ತೀರೇನ್ರಿ? ನಾಳೆ ಏನರ ಆದ್ರ?”

“ದೇವೀನೂ ಹೆಣಮಗಳು ಅಲ್ರಿ ಅಜ್ಜಾರ. ಹೆಣಮಕ್ಕಳು ಓದ್ತಾವಂದ್ರ ಆಕಿ ಯಾಕ ಬ್ಯಾಡಂತಾಳ?”

ಕನಕಪ್ಪ ಮೀಸೆ ಎಳೆದುಕೊಂಡು, “ಹಂಗಂದ್ರ ಸ್ವಲ್ಪ ಮ್ಯಾಲ ಕಟ್ರಿ, ಆಡು ತಿಂತಾವ,” ಅಂದ. ತಗಡಿನ ಬೋರ್ಡು!

ಹನ್ನೊಂದಕ್ಕೆ ಜೀಪು ಬಂತು. ಒಬ್ಬ ಸಾಹೇಬ, ಒಬ್ಬ ಹೆಣ್ಣು ಅಧಿಕಾರಿ. ಬೋರ್ಡು ಓದಿ ಹೊಲಕ್ಕೆ ಬಂದರು. ಅಲ್ಲಿ ಹಲಗೆ ಇತ್ತು, ಅಕ್ಬರಸಾಬನ ಹಳೆಯ ಬಾಗಿಲಿಗೆ ಮಸಿ ಬಳಿದದ್ದು. ಎಲ್ಲರ ಚೀಲದಲ್ಲಿ ಪುಸ್ತಕವಿತ್ತು. ತಾಂಡಾದ ಮಕ್ಕಳನ್ನು ದುರಗವ್ವನ ಟೆಂಪೊದವನು ಕರೆತಂದು ಇಳಿಸಿದ್ದ. ನಾನು ಸಾಹೇಬನಿಗೆ ಎಂಬತ್ತರ ಇನ್ಸ್‌ಪೆಕ್ಟರ ಕಥೆ ಹೇಳಲು ಹೋದೆ. ಮಲ್ಲಿಕಾ ನಡುವೆ ಬಂದು, “ಕಾಕಾರ, ನೀವು ಜರಾ ಆ ಬೇವಿನ ಗಿಡದ ಕಡೆ ಕುಂದರ್ರಿ,” ಅಂದಳು. ಕುಳಿತೆ. ಕಿವಿ ಕೇಳದಿದ್ದರೂ ಕಣ್ಣು ಕಾಣುತ್ತದಲ್ಲ. ಮಾತುಗಳನ್ನು ಆಮೇಲೆ ಅಕ್ಬರಸಾಬ ಹೇಳಿದ.

ಸಾಹೇಬ ಒಬ್ಬ ಹುಡುಗನನ್ನು ಕೇಳಿದ, “ನಿಮ್ಮ ಶಾಲೆಗೆ ಎಷ್ಟು ಕೋಣೆ?”

“ಇವತ್ತ ಒಂದೂ ಇಲ್ರಿ.”

ಅಧಿಕಾರಿ ಬಾಯಿಯವರು ಗಂಗಾಳನ್ನು ಕೇಳಿದರು, ಊರು ಬಿಟ್ಟು ಇಲ್ಲಿ ಯಾಕೆ ಎಂದು. “ಊರಾಗ ಇವತ್ತ ದ್ಯಾಮವ್ವ ಒಬ್ಬಾಕಿನ ತಿರಗ್ಯಾಡ್ತಾಳ್ರಿ. ನಾವು ಇದ್ರ ಆಕಿಗೆ ಸಂಕೋಚ ಆಗ್ತದ್ರಿ.” ಬಾಯಿಯವರು ನಕ್ಕು, ಪುಸ್ತಕ ಕೊಟ್ಟು ಓದಲು ಹೇಳಿದರು. ಗಂಗಾ ಓದಿದಳು. ಬಸ್ಸು ತಪ್ಪುತ್ತದೆ ಎನ್ನುವಂತೆ ಓದಿದಳು, ಆದರೆ ಓದಿದಳು. ಭಾಗಾಕಾರದಲ್ಲಿ ಎಡವಿದಳು. ನಿನ್ನ ಹತ್ತಿರ ಸುಳ್ಳು ಯಾಕೆ, ಅರ್ಧದಷ್ಟು ಮಕ್ಕಳು ತಡವರಿಸದೆ ಓದಿದರು, ಲೆಕ್ಕದಲ್ಲಿ ಅದಕ್ಕಿಂತ ಕಡಿಮೆ. ಮನೆಯಲ್ಲಿ ಲಂಬಾಣಿ ಮಾತಾಡುವ ಮಗು, ಉರ್ದು ಮಾತಾಡುವ ಮಗು, ಐದು ಇಯತ್ತೆಗೆ ಒಬ್ಬಳೇ ಟೀಚರು. ಅರ್ಧ ಓದಿದ್ದೇ ದೊಡ್ಡದು. ಸೊನ್ನೆಯಂತೂ ಅಲ್ಲ.

ಇದೆಲ್ಲ ಮಲ್ಲಿಕಾಳ ಮುಂದಾಲೋಚನೆ. ನೀನು ಕಾಗದದಲ್ಲಿ ಹಲಗೆ ಎಲ್ಲಿ, ಪುಸ್ತಕ ಎಲ್ಲಿ ಎಂದು ಹಾಡು ಹಾಡುತ್ತಿದ್ದಾಗ ಅವಳು ಕೆಲಸ ಮಾಡಿದಳು. ವ್ಯತ್ಯಾಸ ನೋಡಿಕೋ.

ಹೊಳಬಸಪ್ಪ

•

ಬೆಂಗಳೂರು
12 ಮಾರ್ಚ್ 2025

ಕಾಕಾ,

ಆದೇಶಕ್ಕೆ ನಿನ್ನೆ ಸಹಿ ಬಿತ್ತು. ಮುತ್ತಲಕೊಪ್ಪದ ಶಾಲೆ ಮುಂದುವರಿಯುತ್ತದೆ. ಆದೇಶದ ಪ್ರತಿ ಒಂದು ವಾರದೊಳಗೆ ಮಲ್ಲಿಕಾ ಅಕ್ಕಾರಿಗೆ ಬರುತ್ತದೆ. ಗಂಗಾಳ ತಾಯಿಗೆ ನೀವೇ ಹೋಗಿ ಹೇಳಿ.

ಇನ್ನು ನೀವು ಹುಡುಕುತ್ತಿದ್ದ ಪುಣ್ಯಾತ್ಮ. ಆ ನಿಯಮ ಬರೆದವಳು ನಾನು. ಎರಡು ವರ್ಷದ ಹಿಂದೆ. ಎಷ್ಟೋ ಕಡೆ ಕಾಗದದ ಮೇಲೆ ಮಕ್ಕಳು, ಬಾಗಿಲಿಗೆ ಬೀಗ. ಆ ಮೋಸ ನಿಲ್ಲಿಸಬೇಕಿತ್ತು. ಮಕ್ಕಳು ಸಿಗದಿದ್ದರೆ ಎಲ್ಲ ಕಲಮಿಗೂ ಸೊನ್ನೆ ಹಾಕಿ ಎಂದು ಬರೆದೆ. ಎಲ್ಲರೂ ಮೆಚ್ಚಿದರು. ಬರೆಯುವಾಗ ನನಗೆ ಹೊರಬೀಡು ನೆನಪಾಗಲಿಲ್ಲ. ಹದಿನೆಂಟು ವರ್ಷ ಆ ಊರಿನಲ್ಲಿ ಬೆಳೆದವಳಿಗೆ.

ಮರುತಪಾಸಣೆಯ ದಿನ ನನಗೆ ಗೊತ್ತಿತ್ತು. ಹೇಳುವ ಹಾಗಿರಲಿಲ್ಲ, ಹೇಳಲಿಲ್ಲ. ಏನು ಕೇಳಿದೆ ಎಂಬುದು ನಿಮ್ಮ ಹತ್ತಿರ ಇದೆ. ಅಷ್ಟು ಕೇಳಿದ್ದೂ ತಪ್ಪೇ ಎಂದು ನನಗೆ ಗೊತ್ತು.

ಸೊನ್ನೆ ಬಿದ್ದ ಶಾಲೆಗಳು ಜಿಲ್ಲೆಯಲ್ಲಿ ಒಂಬತ್ತು. ಆಕ್ಷೇಪಣೆ ಕೊಟ್ಟವರು ಎರಡೇ ಊರಿನವರು. ಉಳಿದ ಏಳು ಜೂನಿನೊಳಗೆ ಸೇರ್ಪಡೆಯಾಗುತ್ತವೆ. ಅಲ್ಲಿ ಆ ದಿನ ಮಕ್ಕಳು ಯಾಕಿರಲಿಲ್ಲ ಎಂದು ನಾನು ಕೇಳಲಿಲ್ಲ.

ಬೈಯಿರಿ.

ತಬಸುಮ್

•

ಬೆಂಗಳೂರು
20 ಏಪ್ರಿಲ್ 2025

ಕಾಕಾ, ಕಾಗದವಿಲ್ಲ. ಮಲ್ಲಿಕಾ ಅಕ್ಕಾರಿಗೆ ಫೋನು ಮಾಡಿದ್ದೆ, ನೀವು ಆರಾಮ ಇದ್ದೀರಿ ಅಂದರು. ಎರಡು ಸಾಲು ಬೈದಾದರೂ ಬರೆಯಿರಿ. ನೀವು ಸುಮ್ಮನಿರುವುದು ನನಗೆ ರೂಢಿ ಇಲ್ಲ.

ತಬಸುಮ್

•

ಮುತ್ತಲಕೊಪ್ಪ
5 ಜೂನ್ 2025

ತಬಸುಮ್,

ಬೈಗುಳ ಬರೆದು ಮೂರು ಸಲ ಹರಿದೆ. ನನ್ನ ಕೈಯಿಂದ ಪುಸ್ತಕ ಇಸಿದುಕೊಂಡು ಓದಿದವಳಿಗೆ ಏನೆಂದು ಬೈಯಲಿ? ಸಿಟ್ಟು ಹೋಗಿದೆ ಎಂದು ತಿಳಿಯಬೇಡ. ಹೋಗಿಲ್ಲ. ನಿಮ್ಮಪ್ಪ ಇದ್ದಿದ್ದರೆ ಇಬ್ಬರೂ ಕೂಡಿ ನಿನಗೆ ಬುದ್ಧಿ ಹೇಳುತ್ತಿದ್ದೆವು. ಅವನು ನಡುವೆ ನಿನ್ನ ಕಡೆಗೆ ವಾಲುತ್ತಿದ್ದ, ಅದು ಬೇರೆ.

ನಿನ್ನ ಫೆಬ್ರುವರಿಯ ಕಾಗದ ತೆಗೆದು ಓದಿದೆ. ಮಲ್ಲಿಕಾ ಮೊದಲನೆಯ ಓದಿಗೇ ತಿಳಿದುಕೊಂಡದ್ದು ನನಗೆ ಒಂದು ತಿಂಗಳ ಮೇಲೆ ತಿಳಿಯಿತು. ಅವಳನ್ನು ಕೇಳಿದರೆ, “ನಿಮಗ ಹೇಳಿದ್ರ ನೀವು ಸಂತ್ಯಾಗ ಹೇಳ್ತಿದ್ರಿ,” ಅಂದಳು. ನಿಜ, ಹೇಳುತ್ತಿದ್ದೆ.

ಶಾಲೆ ಶುರುವಾಯಿತು. ಗಂಗಾ ನಾಲ್ಕನೆಯ ಇಯತ್ತೆಗೆ ಬಂದಿದ್ದಾಳೆ. ಮಕ್ಕಳ ಲೆಕ್ಕ ಮೂವತ್ತೊಂದಕ್ಕೆ ಇಳಿದಿದೆ. ಹಳದಿ ಗಾಡಿಯಲ್ಲಿ ಈಗ ಇಪ್ಪತ್ತೊಂದು. ಮುಂದಿನ ಸೀಟು ಮೈಲಾರಿಯದು.

ನೀನು ಬರೆದ ಉಳಿದ ಏಳು ಊರುಗಳಲ್ಲಿ ಒಂದರ ಹೆಸರು ಪೇಪರಿನಲ್ಲಿ ಬಂದಿತ್ತು. ಗುಡಗೇರಿಯ ಆಚೆಗೆ, ನನಗೆ ಗೊತ್ತಿರುವ ಸೀಮೆ. ಸೋಮವಾರ ಹೋಗಿ ಬಂದೆ. ಅಲ್ಲಿ ಹೊರಬೀಡು ಇರಲಿಲ್ಲ. ಜನವರಿಯಲ್ಲಿ ತಪಾಸಣೆಯ ದಿನ ಮಕ್ಕಳೆಲ್ಲ ತಾಯಂದಿರ ಜೊತೆ ಮೆಣಸಿನಕಾಯಿ ಬಿಡಿಸಲು ಹೋಗಿದ್ದರಂತೆ. ಸುಗ್ಗಿಯ ಎರಡು ವಾರ ಹಾಗೆಯೇ, ಪ್ರತಿ ವರ್ಷ. ಮಾಸ್ತರರು ಒಬ್ಬರೇ ಕುಳಿತು ಸಾಕಾಗಿ ಬೀಗ ಹಾಕಿಕೊಂಡು ಹೋಗಿದ್ದರು. ನಿನ್ನ ಸೊನ್ನೆ ಅಲ್ಲಿ ಸುಳ್ಳಲ್ಲ. ಆದರೂ ವರ್ಷದ ಉಳಿದ ದಿನ ಅಲ್ಲಿ ಇಪ್ಪತ್ತೇಳು ಮಕ್ಕಳು ಓದುತ್ತಿದ್ದರು. ನೋಟಿಸು ಬಂದಾಗ ಆಕ್ಷೇಪಣೆ ಬರೆಯುವವರು ಯಾರೂ ಇರಲಿಲ್ಲ, ಅಷ್ಟೇ. ಗಂಡುಮಕ್ಕಳು ಈಗ ದೊಡ್ಡ ಊರಿನ ಶಾಲೆಗೆ ಸೈಕಲ್ಲಿನಲ್ಲಿ ಹೋಗುತ್ತಾರೆ. ಹೆಣ್ಣುಮಕ್ಕಳಲ್ಲಿ ನಾಲ್ಕು ಜನ ಹೋಗುತ್ತಾರೆ ಎಂದರು, ಒಬ್ಬರು ಮೂರು ಎಂದರು.

ಬೀಗ ಹಾಕಿದ ಶಾಲೆಯ ಕಟ್ಟೆಯ ಮೇಲೆ ಒಂಬತ್ತು-ಹತ್ತು ವರ್ಷದ ಒಬ್ಬ ಹುಡುಗಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತಿದ್ದಳು. “ಏನ್ ಹೆಸರವ್ವಾ?” ಅಂದೆ. ಕೂಸನ್ನು ಸರಿಮಾಡಿ ಹಾಕಿಕೊಂಡಳು. “ಸಾಲಿಗೆ ಹೋಗೂದಿಲ್ಲೇನು?” ಅಂದೆ. ಹಿಂದೆ ಬೀಗದ ಕಡೆಗೆ ಕತ್ತು ತಿರುಗಿಸಿ ತೋರಿಸಿ, ನನ್ನನ್ನೇ ದಡ್ಡನನ್ನು ನೋಡುವ ಹಾಗೆ ನೋಡಿದಳು.

ನಮ್ಮ ಊರಿಗೆ ನೀನಿದ್ದೆ. ಮಾತು ನುಂಗಿಯಾದರೂ ಹಲಗೆ ಇದೆಯೇ ಎಂದು ಕೇಳಿದೆ. ಆ ಊರಿಗೆ ಯಾರು ಕೇಳಬೇಕಿತ್ತು? ನಮ್ಮ ಶಾಲೆ ಉಳಿದದ್ದಕ್ಕೆ ಊರಿನವರು ನನಗೆ ಹಾರ ಹಾಕುತ್ತೇವೆ ಎಂದರು. ಬೇಡ ಎಂದೆ. ಸುನಿತಾ ಕೂಡ ಆಶ್ಚರ್ಯಪಟ್ಟಳು.

ನಿಯಮ ಬರೆದವಳು ನೀನೇ ಆಗಿದ್ದರೆ, ಅದರ ಕೆಳಗೆ ಇನ್ನೊಂದು ಸಾಲು ಬರೆಯಲು ಯಾರ ಅಪ್ಪಣೆ ಬೇಕೋ ಅವರನ್ನು ಕೇಳು. ಬಾಗಿಲಿಗೆ ಬೀಗ ಕಂಡರೆ, ಸೊನ್ನೆ ಬರೆಯುವ ಮೊದಲು ಆ ಊರಿನ ಒಬ್ಬ ತಾಯಿಯನ್ನು ಹುಡುಕಿ, ಮಕ್ಕಳು ಎಲ್ಲಿ ಎಂದು ಕೇಳಬೇಕು. ಅಪ್ಪಣೆ ಕೊಡದಿದ್ದರೆ ಕೊಡದವರ ಹೆಸರು ನನಗೆ ತಿಳಿಸು. ಈ ಸಲ ಪ್ರಯೋಜನವಿಲ್ಲ ಎನ್ನಬೇಡ.

ಮತ್ತೆ, ಉಳಿದ ಆರು ಊರುಗಳ ಹೆಸರು ಕಳಿಸು. ಆಕ್ಷೇಪಣೆಯ ಅವಧಿ ಮುಗಿದಿದೆ ಎಂದು ನನಗೆ ಗೊತ್ತು. ಮುಗಿದ ಮೇಲೂ ಬರೆಯಬಹುದು, ಕಾಗದಕ್ಕೇನು ಕಾಲು ಸೋಲುವುದಿಲ್ಲ. ಆದರೆ ಮಳೆ ಜೋರಾದರೆ ಹಳ್ಳಗಳು ತುಂಬುತ್ತವೆ, ಆಮೇಲೆ ಆ ಊರುಗಳಿಗೆ ಹೋಗಲು ನನಗಾಗುವುದಿಲ್ಲ.

ಬೇಗ ಕಳಿಸು.

ಹೊಳಬಸಪ್ಪ